ನನ್ನ ತಮ್ಮನ ಕೆಲಸ ಯಾವ ಲೆಕ್ಕಕ್ಕೆ ಸೇರುತ್ತೆ?

ಅಂತರಗಂಗೆ
ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರದ ಹತ್ತಿರದ ಹಳ್ಳಿ. ಹೋದ ವಾರ ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯವರು ಟ್ಯಾಬ್ ಹಿಡಿದು ಮನೆಗೆ ಬಂದಿದ್ದರು. ನಾನು ಪೇಟೆಗೆ ಹೋಗಿದ್ದೆ, ತಮ್ಮ ಶಿಫ್ಟ್‌ನಲ್ಲಿದ್ದ, ಅಪ್ಪ ತೋಟದಲ್ಲಿ. ಎಲ್ಲಾ ಪ್ರಶ್ನೆಗೂ ಅಮ್ಮನೇ ಉತ್ತರ ಕೊಟ್ಟಿದ್ದಾರೆ.

ತಮ್ಮ ಐಟಿಐ ಮುಗಿಸಿದವನು. ನಾಲ್ಕು ವರ್ಷದಿಂದ ವೇಮಗಲ್ ಕಡೆ ಒಂದು ಕಾರ್ಖಾನೆಗೆ ಹೋಗುತ್ತಾನೆ. ಕಾರ್ಖಾನೆಯ ನೇರ ನೌಕರ ಅಲ್ಲ, ಏಜೆನ್ಸಿ ಮೂಲಕ. ಹನ್ನೊಂದು ತಿಂಗಳಾಗುತ್ತಿದ್ದಂತೆ ಬ್ರೇಕ್ ಕೊಡುತ್ತಾರೆ. ಹದಿನೈದು ಇಪ್ಪತ್ತು ದಿನ ಮನೆಯಲ್ಲಿರುತ್ತಾನೆ. ಆಮೇಲೆ ಫೋನ್ ಬರುತ್ತೆ. ಬರದೇ ಹೋದರೆ ಏನು ಅನ್ನೋದು ಯಾರಿಗೂ ಗೊತ್ತಿಲ್ಲ. ಆ ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಯಾರೂ ದುಡ್ಡಿನ ಮಾತು ಎತ್ತುವುದಿಲ್ಲ. ಹೆಣ್ಣು ನೋಡೋಕೆ ಹೋದ ಕಡೆಯೆಲ್ಲ ಮೊದಲ ಪ್ರಶ್ನೆ, 'ಪರ್ಮನೆಂಟಾ?'

ಸಮೀಕ್ಷೆಯವರು 'ಏನು ಕೆಲಸ' ಅಂತ ಕೇಳಿದಾಗ ಅಮ್ಮ 'ಫ್ಯಾಕ್ಟರಿ, ತಿಂಗಳ ತಿಂಗಳ ಸಂಬಳ ಬರುತ್ತೆ' ಅಂದಿದ್ದಾರೆ. ಅವರು 'ನಿಯಮಿತ ಸಂಬಳದ ಕೆಲಸ' ಅಂತ ಹಾಕಿಕೊಂಡರಂತೆ. ಅಂದರೆ ಮೂವತ್ತು ವರ್ಷ ಸರ್ವಿಸ್ ಆದ ಬ್ಯಾಂಕ್ ಮ್ಯಾನೇಜರೂ ನನ್ನ ತಮ್ಮನೂ ಒಂದೇ ಸಾಲಿನಲ್ಲಿ. ನನಗೆ ಎರಡು ದಿನದಿಂದ ಇದೇ ಯೋಚನೆ. 2023-24ರ ವರದಿಯಲ್ಲಿ ನಿರುದ್ಯೋಗ ಶೇ 3.2 ಮಾತ್ರ ಅಂತಿದೆ. ಕೆಲಸ ಇದೆ, ಆದರೆ ಅದನ್ನು ನೆಚ್ಚಿಕೊಳ್ಳೋಕೆ ಆಗಲ್ಲ ಅನ್ನುವವರು ಎಷ್ಟು ಜನ? ಅದನ್ನು ಯಾರಾದರೂ ಎಣಿಸುತ್ತಾರಾ? ಎಣಿಸೋದಾದರೆ ಹೇಗೆ?

ಮಾರಿಕುಪ್ಪಂ ಟ್ರೈನು
ಹೆಣ್ಣಿನ ಕಡೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ ಅಕ್ಕ.

ವಸಂತನರಸಾಪುರ ಶಿಫ್ಟ್
ಈ ಲೆಕ್ಕವೇ ಮೋಸ. ವಾರದಲ್ಲಿ ಒಂದೇ ಒಂದು ಗಂಟೆ ಕೆಲಸ ಮಾಡಿದರೂ ಉದ್ಯೋಗಿ ಅಂತ ಬರೆದುಕೊಳ್ಳುತ್ತಾರೆ. ಹಾಗಾದಾಗ ನಿರುದ್ಯೋಗ ಶೇ 3 ಅಲ್ಲದೆ ಇನ್ನೇನಾಗುತ್ತೆ? ತುಮಕೂರಿನ ಬಸ್ ಸ್ಟ್ಯಾಂಡಲ್ಲಿ ಬೆಳಿಗ್ಗೆ ಆರಕ್ಕೆ ನಿಂತು ನೋಡಿ, ಎಷ್ಟು ಹುಡುಗರು ಏಜೆನ್ಸಿ ವ್ಯಾನ್‌ಗೆ ಕಾಯುತ್ತಿರುತ್ತಾರೆ ಅಂತ.

ಲೆಕ್ಕದ ಮೇಷ್ಟ್ರು
ವಸಂತನರಸಾಪುರದವರೇ, ಸಿಟ್ಟು ನ್ಯಾಯವಾದದ್ದು. ಆದರೆ ಎರಡು ವಿಷಯ ಕಲಸಿಹೋಗಿವೆ. ಒಂದು ಗಂಟೆಯ ನಿಯಮ ಇರೋದು ವಾರದ ಲೆಕ್ಕದಲ್ಲಿ. ಅದು ನಮ್ಮ ದೇಶದ್ದಷ್ಟೇ ಅಲ್ಲ. 1982ರಿಂದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪದ್ಧತಿ. ದೇಶದಲ್ಲಿ ನಡೆಯುವ ಸಣ್ಣಪುಟ್ಟ ದುಡಿಮೆಯೂ ಬಿಟ್ಟುಹೋಗಬಾರದು ಅಂತ ಮಾಡಿದ್ದು. ಅಂತರಗಂಗೆಯವರು ಹೇಳಿದ ಶೇ 3.2 ವರ್ಷದ ಲೆಕ್ಕ. ಅದರಲ್ಲಿ ವರ್ಷದ ಹೆಚ್ಚು ಕಾಲ ಏನು ಮಾಡಿದಿರಿ ಅಂತ ನೋಡುತ್ತಾರೆ. ಜೊತೆಗೆ 30 ದಿನಕ್ಕೆ ಕಡಿಮೆಯಿಲ್ಲದ ಉಪ ಕೆಲಸವನ್ನೂ ಸೇರಿಸುತ್ತಾರೆ.

ಇನ್ನು ಅಕ್ಕ ಕೇಳಿದ್ದು. ಈ ಸಮೀಕ್ಷೆ ಶುರುವಾಗಿದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚೆ ಸುಮಾರು ಐದು ವರ್ಷಕ್ಕೊಮ್ಮೆ ದೊಡ್ಡ ಸಮೀಕ್ಷೆ ನಡೆಯುತ್ತಿತ್ತು. 2025ರ ಜನವರಿಯಿಂದ ತಿಂಗಳ ತಿಂಗಳೂ ಅಂಕಿ ಕೊಡುವ ಹಾಗೆ ಬದಲಾಯಿಸಿದ್ದಾರೆ. ದುಡಿಯುವವರನ್ನು ಮೂರು ಗುಂಪು ಮಾಡುತ್ತಾರೆ. 2023-24ರಲ್ಲಿ ಸ್ವಂತ ದುಡಿಮೆ ಶೇ 58.4, ನಿಯಮಿತ ಸಂಬಳ ಶೇ 21.7, ದಿನಗೂಲಿ ಶೇ 19.8.

ನಿಮ್ಮ ತಮ್ಮ ಎರಡನೇ ಗುಂಪಿಗೆ ಹೋಗಿದ್ದಾನೆ ನಿಜ. ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ಲಿಖಿತ ಒಪ್ಪಂದ ಇದೆಯಾ, ಇದ್ದರೆ ಒಂದು ವರ್ಷದೊಳಗಿನದಾ, ಮೂರು ವರ್ಷದ್ದಾ, ಅದಕ್ಕೂ ಹೆಚ್ಚಿನದಾ? ಸಂಬಳದ ರಜೆ ಇದೆಯಾ? ಪಿಎಫ್, ಗ್ರಾಚುಟಿ, ಆರೋಗ್ಯದ ಸೌಲಭ್ಯ ಯಾವುದಿದೆ? ಇಷ್ಟನ್ನೂ ಕೇಳುತ್ತಾರೆ. ಸಮೀಕ್ಷೆ ಕುರುಡಲ್ಲ. ಪೇಪರಿನವರು ಶೇ 3.2 ದೊಡ್ಡದಾಗಿ ಹಾಕಿ ಈ ಪಟ್ಟಿಗಳನ್ನು ಬಿಟ್ಟುಬಿಡುತ್ತಾರೆ, ಅದು ತೊಂದರೆ.

2017-18ರ ಮೊದಲ ವರದಿಯಲ್ಲೇ ಇದೆ. ಕೃಷಿ ಬಿಟ್ಟು ಉಳಿದ ಕಡೆ ನಿಯಮಿತ ಸಂಬಳ ಪಡೆಯುವವರಲ್ಲಿ ಶೇ 71.1 ಜನಕ್ಕೆ ಲಿಖಿತ ಒಪ್ಪಂದವೇ ಇರಲಿಲ್ಲ. ಶೇ 54.2 ಜನಕ್ಕೆ ಸಂಬಳದ ರಜೆ ಇಲ್ಲ. ಶೇ 49.6 ಜನಕ್ಕೆ ಯಾವ ಸಾಮಾಜಿಕ ಭದ್ರತೆಯೂ ಇಲ್ಲ. ಇದು 'ಒಳ್ಳೆ ಕೆಲಸ' ಅಂತ ನಾವು ಅಂದುಕೊಂಡ ಗುಂಪಿನೊಳಗಿನ ಕಥೆ.

ಅಂತರಗಂಗೆ
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಈಗ ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ಒಪ್ಪಂದದ ಬಗ್ಗೆ ಕೇಳಿದರಂತೆ. 'ಏನೋ ಕಾಗದ ಕೊಟ್ಟಿದ್ದಾರೆ, ಇರಬೇಕು' ಅಂದೆ ಅಂದರು. ಆ ಕಾಗದ ಏಜೆನ್ಸಿಯ ಐಡಿ ಕಾರ್ಡ್ ಫಾರಂ! ಅಮ್ಮನ ತಪ್ಪಲ್ಲ. ಆದರೆ ಹೀಗೆ ಮನೆಯವರು ಹೇಳಿದ್ದನ್ನೇ ಬರೆದುಕೊಂಡರೆ ಲೆಕ್ಕ ಎಷ್ಟು ಸರಿಯಿರುತ್ತೆ?

ಟ್ಯಾಬ್ ಹಿಡಿದವನು
ನಾನು ಎರಡು ವರ್ಷ ಇಂಥ ಸಮೀಕ್ಷೆ ಕೆಲಸ ಮಾಡಿದ್ದೇನೆ, ಚಿಂತಾಮಣಿ, ಬಾಗೇಪಲ್ಲಿ ಕಡೆ. ದುಡಿಯುವವರೇ ಸಿಗಬೇಕು ಅಂತ ನಮಗೂ ಆಸೆ. ಆದರೆ ಹಗಲು ಹೋದರೆ ಮನೆಯಲ್ಲಿ ಇರೋದು ವಯಸ್ಸಾದವರು, ಮಕ್ಕಳು. ರಾತ್ರಿ ಹೋದರೆ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಮನೆಯಲ್ಲಿ ಇದ್ದವರು ಹೇಳಿದ್ದೇ ಉತ್ತರ. ಸಂಬಳ ಎಷ್ಟು ಅನ್ನೋದು ತಾಯಂದಿರಿಗೆ ಚೆನ್ನಾಗಿ ಗೊತ್ತಿರುತ್ತೆ. ಒಪ್ಪಂದ, ಗ್ರಾಚುಟಿ ಅಂದರೆ ಗೊತ್ತಿರಲ್ಲ. ಇನ್ನೊಂದು ಮಾತು, ಆ ಎರಡು ವರ್ಷ ನಾನೂ ಏಜೆನ್ಸಿ ಮೂಲಕವೇ ಇದ್ದದ್ದು. ಬೇರೆಯವರ ಮನೆಯಲ್ಲಿ 'ನಿಮ್ಮ ಒಪ್ಪಂದ ಎಷ್ಟು ವರ್ಷದ್ದು' ಅಂತ ಕೇಳುವಾಗ ನನ್ನದು ಯಾವಾಗ ಮುಗಿಯುತ್ತೆ ಅಂತ ನೆನಪಾಗುತ್ತಿತ್ತು.

ಅತಿಥಿ ಉಪನ್ಯಾಸಕಿ
ಕಾರ್ಖಾನೆ ಮಾತ್ರ ಅಂದುಕೊಳ್ಳಬೇಡಿ. ನಾನು ಎಂಎ, ಪಿಎಚ್‌ಡಿ ಮಾಡಿದ್ದೇನೆ. ಹನ್ನೆರಡು ವರ್ಷದಿಂದ ಅತಿಥಿ. ಪ್ರತಿ ವರ್ಷ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್. ರಜೆ ಬಂತು ಅಂದರೆ ಸಂಬಳ ನಿಂತಿತು. ನನ್ನ ಹತ್ತಿರ ಓದಿದ ಹುಡುಗಿ ಈಗ ಕಾಯಂ ನೌಕರಿಯಲ್ಲಿದ್ದಾಳೆ, ಸಂತೋಷ. ನಾನು ಇನ್ನೂ ಅತಿಥಿಯೇ.

2006ರ ಉಮಾದೇವಿ ತೀರ್ಪು ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರದ್ದು. ಎಷ್ಟು ವರ್ಷ ದುಡಿದಿದ್ದರೂ ಕಾಯಂ ಮಾಡಿ ಅನ್ನೋದು ಹಕ್ಕಲ್ಲ ಅಂತ ಆಯಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದವರಿಗೆ ಒಂದು ಸಲದ ಅವಕಾಶ ಕೊಡಿ ಅಂತಲೂ ಹೇಳಿದ್ದರು. ಆದರೆ ನಮ್ಮಂಥವರ ಅರ್ಜಿಗೆ ಉತ್ತರ ಬರುವಾಗ ಮೊದಲನೆಯ ಮಾತನ್ನಷ್ಟೇ ಎತ್ತಿ ತೋರಿಸುತ್ತಾರೆ.

ಗೂಡಿನ ಸಂತೆ
ಶಿಡ್ಲಘಟ್ಟದಿಂದ. ನಮ್ಮಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರು ಯಾವ ಗುಂಪು ಮೇಷ್ಟ್ರೇ? ಗೂಡು ಬಂದರೆ ಕೆಲಸ, ಗೂಡಿನ ರೇಟು ಏರಿ ರೀಲರ್ ಕೊಳ್ಳದಿದ್ದರೆ ಕೆಲಸ ಇಲ್ಲ. ಬಿಸಿನೀರಲ್ಲಿ ಕೈ ಇಟ್ಟು ಇಟ್ಟು ಬೆರಳು ಬೆಳ್ಳಗಾಗಿರುತ್ತೆ. ಅವರಿಗೆ ಪರ್ಮನೆಂಟ್ ಅನ್ನೋ ಪದವೇ ಬಳಕೆಯಲ್ಲಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಕೆಲಸ ಮಾಡಿದವರು ಇದ್ದಾರೆ. ಸ್ವಂತ ರೀಲರ್‌ಗಳೂ ಸಾಲದಲ್ಲೇ ಇರುತ್ತಾರೆ. ಅವರ ಹೆಂಡತಿ ಮಕ್ಕಳೂ ಜೊತೆಗೆ ದುಡಿಯುತ್ತಾರೆ, ಕೂಲಿ ಇಲ್ಲದೆ.

ಲೆಕ್ಕದ ಮೇಷ್ಟ್ರು
ಕೂಲಿಗೆ ಬರುವವರು ದಿನಗೂಲಿ ಗುಂಪು. ರೀಲರ್ ಸ್ವಂತ ದುಡಿಮೆ. ಕೂಲಿಯಿಲ್ಲದೆ ದುಡಿಯುವ ಮನೆಯವರು 'ಮನೆ ಉದ್ದಿಮೆಯ ಸಹಾಯಕರು', ಅವರೂ ಸ್ವಂತ ದುಡಿಮೆಯ ಶೇ 58.4ರ ಒಳಗೇ ಇದ್ದಾರೆ.

ಇಲ್ಲೇ ಒಂದು ವಿಷಯ ಹೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಹಳ ಕಾಲದಿಂದ ಒಂದು ಸುಲಭದ ಅಳತೆ ಬಳಸುತ್ತಿದೆ. ಆಳು ಇಟ್ಟುಕೊಳ್ಳದೆ ಸ್ವಂತಕ್ಕೆ ದುಡಿಯುವವರು, ಮತ್ತು ಮನೆಯ ಕೆಲಸಕ್ಕೆ ಕೂಲಿಯಿಲ್ಲದೆ ದುಡಿಯುವವರು. ಇಬ್ಬರನ್ನೂ ಕೂಡಿಸಿ 'ದುರ್ಬಲ ಉದ್ಯೋಗ' ಅನ್ನುತ್ತಾರೆ. ಈ ಅಳತೆಯಲ್ಲಿ ಸ್ವಂತ ಕ್ಲಿನಿಕ್ ಇಟ್ಟ, ಆಳಿಲ್ಲದ ಡಾಕ್ಟರು ಒಳಗೆ ಬರುತ್ತಾರೆ. ಅಂತರಗಂಗೆಯವರ ತಮ್ಮ ಹೊರಗೆ ಉಳಿಯುತ್ತಾನೆ. ಶಿಡ್ಲಘಟ್ಟದ ಕೂಲಿ ಹೆಂಗಸೂ ಹೊರಗೇ.

ವಸಂತನರಸಾಪುರ ಶಿಫ್ಟ್
ನೋಡಿ, ನಾನು ಹೇಳಿದ್ದು ಅದನ್ನೇ ಅಲ್ವಾ!

ಅಂತರಸನಹಳ್ಳಿ ಶೆಡ್
ಒಂದು ಮಾತು ನಮ್ಮ ಕಡೆಯಿಂದಲೂ ಕೇಳಿ. ತುಮಕೂರಿನಲ್ಲಿ ನನ್ನದು ಚಿಕ್ಕ ಮೆಷಿನ್ ಶಾಪ್, ಹದಿನಾಲ್ಕು ಜನ ಇದ್ದಾರೆ. ದೊಡ್ಡ ಕಂಪನಿ ನಮಗೆ ಆರ್ಡರ್ ಕೊಡೋದು ಮೂರು ತಿಂಗಳಿಗೊಮ್ಮೆ. ಬಿಲ್ ಕೊಡೋದು ತೊಂಬತ್ತು ದಿನ ಆದಮೇಲೆ. ನನಗೇ ಮುಂದಿನ ವರ್ಷ ಏನು ಅಂತ ಗೊತ್ತಿಲ್ಲ. ಎಂಟು ಜನರನ್ನು ಕಾಯಂ ಇಟ್ಟುಕೊಂಡಿದ್ದೇನೆ, ಆರು ಜನ ಕೆಲಸ ಇದ್ದಾಗ ಬರುತ್ತಾರೆ. ನಾನು ಯಾರಿಗೂ ಸುಳ್ಳು ಹೇಳಿಲ್ಲ. ಗುತ್ತಿಗೆ ಅಂದ ತಕ್ಷಣ ಶೋಷಣೆ ಅನ್ನಬೇಡಿ. ಕೆಲವರಿಗೆ ಕೈಗೆ ಜಾಸ್ತಿ ದುಡ್ಡು ಸಿಗಬೇಕು, ಪಿಎಫ್ ಕಟ್ ಮಾಡಬೇಡಿ ಸಾರ್ ಅಂತ ಅವರೇ ಕೇಳುತ್ತಾರೆ.

ವೇಮಗಲ್ ಬಸ್
ಆರ್ಡರ್ ಏರುಪೇರು ಇರೋರಿಗೆ ಆ ಮಾತು ಸರಿ. ಆದರೆ ವರ್ಷ ಪೂರ್ತಿ ಮೂರು ಶಿಫ್ಟ್ ಓಡುವ ಲೈನಿನಲ್ಲಿ ಹನ್ನೊಂದು ತಿಂಗಳಿಗೆ ಬ್ರೇಕ್ ಯಾಕೆ? ಕೆಲಸ ನಿಂತಿರಲ್ಲ, ಹುಡುಗ ಮಾತ್ರ ಬದಲಾಗುತ್ತಾನೆ. ಇದಕ್ಕೆ ಆರ್ಡರ್ ಕಾರಣ ಅಲ್ಲ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ನಡೆದ ಗಲಾಟೆ ಎಲ್ಲರಿಗೂ ನೆನಪಿದೆ. ಗಾಜು ಒಡೆದದ್ದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಹುಡುಗರು. ಸಂಬಳ ತಡವಾದರೆ ಯಾರನ್ನು ಕೇಳಬೇಕು? ಕಂಪನಿ ಏಜೆನ್ಸಿ ಕಡೆ ಕೈ ತೋರಿಸುತ್ತೆ, ಏಜೆನ್ಸಿ ಕಂಪನಿ ಕಡೆ.

ಅಂತರಸನಹಳ್ಳಿ ಶೆಡ್
ಅದನ್ನು ಒಪ್ಪುತ್ತೇನೆ. ವರ್ಷ ಪೂರ್ತಿ ಇರುವ ಕೆಲಸಕ್ಕೆ ಬ್ರೇಕ್ ಕೊಡೋದು ಸರಿಯಲ್ಲ.

ಚಾಂಪಿಯನ್ ರೀಫ್
ಕೆಜಿಎಫ್‌ನಿಂದ ಬರೆಯುತ್ತಿದ್ದೇನೆ. ನಮ್ಮಪ್ಪ ಗಣಿಯಲ್ಲಿ ಪರ್ಮನೆಂಟ್. ಕೇಂದ್ರ ಸರ್ಕಾರದ್ದು, ಯಾರೂ ಅಲುಗಾಡಿಸೋಕೆ ಆಗಲ್ಲ ಅಂತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಹಾಗಾಗಿ 'ಪರ್ಮನೆಂಟಾ' ಅನ್ನೋ ಒಂದೇ ಪ್ರಶ್ನೆಗೆ ನಾನು ಒಪ್ಪಲ್ಲ. ನಾನು ಇಪ್ಪತ್ತು ವರ್ಷದಿಂದ ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತೇನೆ. ನಾಲ್ಕು ಕೆಲಸ ಬದಲಾಯಿಸಿದ್ದೇನೆ, ಎಲ್ಲಾ ಸೆಕ್ಯೂರಿಟಿ, ಹೌಸ್‌ಕೀಪಿಂಗ್. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಅಪ್ಪ ದುಡಿಯುವಾಗ ಕ್ವಾರ್ಟರ್ಸ್ ಇತ್ತು, ಗಣಿ ಆಸ್ಪತ್ರೆ ಇತ್ತು, ಯೂನಿಯನ್ ಇತ್ತು. ಕೆಲಸ ಹೋದಾಗ ಜಗಳ ಮಾಡೋಕೆ ಒಂದು ಬಾಗಿಲಾದರೂ ಇತ್ತು. ನನ್ನ ಕೆಲಸ ಹೋದಾಗ ಸೂಪರ್‌ವೈಸರ್ ಫೋನ್ ಎತ್ತಲಿಲ್ಲ, ಅಷ್ಟೇ.

ಮಾರಿಕುಪ್ಪಂ ಟ್ರೈನು
ಯಾವ ಟ್ರೈನು ಅಣ್ಣ? ನಾನು ಬಂಗಾರಪೇಟೆಯಲ್ಲಿ ಹತ್ತುತ್ತೇನೆ. ಈಗ ಕಾಲಿಡೋಕೆ ಜಾಗ ಇಲ್ಲ.

ಚಾಂಪಿಯನ್ ರೀಫ್
ಬೆಳಗಿನ ಮೊದಲನೆಯದು. ಎರಡನೇ ಬೋಗಿ.

ಲೆಕ್ಕದ ಮೇಷ್ಟ್ರು
ಚಾಂಪಿಯನ್ ರೀಫ್‌ನವರು ಹೇಳಿದ್ದು ಈ ವಿಷಯದ ತಿರುಳು. ಜೆರ್ರಿ ರಾಡ್ಜರ್ಸ್ ಅನ್ನುವ ಅರ್ಥಶಾಸ್ತ್ರಜ್ಞರು 1989ರಲ್ಲೇ ಹೇಳಿದ್ದರು, ಅಭದ್ರ ಕೆಲಸವನ್ನು ಒಂದೇ ಗೆರೆ ಎಳೆದು ಅಳೆಯೋಕೆ ಆಗಲ್ಲ, ನಾಲ್ಕು ಕಡೆಯಿಂದ ನೋಡಬೇಕು ಅಂತ. ಕೆಲಸ ಎಷ್ಟು ದಿನ ಉಳಿಯುತ್ತೆ? ಸಮಯ, ಕೂಲಿ, ಕೆಲಸದ ರೀತಿ ಇವುಗಳ ಮೇಲೆ ದುಡಿಯುವವನಿಗೆ ಹಿಡಿತ ಇದೆಯಾ? ಕಾನೂನು, ಸಂಘ, ಇಎಸ್‌ಐ ಥರದ ರಕ್ಷಣೆ ಇದೆಯಾ? ಬರುವ ದುಡ್ಡಲ್ಲಿ ಜೀವನ ನಡೆಯುತ್ತಾ? ಒಂದು ಇಲ್ಲದಿದ್ದರೂ ಉಳಿದದ್ದು ಇದ್ದರೆ ಅದನ್ನು ಅಭದ್ರ ಅನ್ನಬೇಕಾಗಿಲ್ಲ. ಜಾಸ್ತಿ ಸಂಬಳದ ಕನ್ಸಲ್ಟೆಂಟ್ ಇದಕ್ಕೆ ಉದಾಹರಣೆ. ಹಲವು ಕಡೆ ಇಲ್ಲದಿದ್ದರೆ ಆಗ ಅಭದ್ರ.

ಸ್ಪೇನ್‌ನಲ್ಲಿ 2010ರ ಹೊತ್ತಿಗೆ ಇದನ್ನೇ ಒಂದು ಪ್ರಶ್ನಾವಳಿ ಮಾಡಿದರು. ಕೆಲಸಗಾರರ ಆರೋಗ್ಯ ಅಧ್ಯಯನ ಮಾಡುವವರು ಮಾಡಿದ್ದು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಹಕ್ಕು ಇದೆಯಾ ಅನ್ನೋದು ಒಂದು ಪ್ರಶ್ನೆ. ಆ ಹಕ್ಕನ್ನು ಭಯವಿಲ್ಲದೆ ಬಳಸೋಕೆ ಆಗುತ್ತಾ ಅನ್ನೋದು ಬೇರೆಯೇ ಪ್ರಶ್ನೆ. ನಮ್ಮ ಸಮೀಕ್ಷೆಯಲ್ಲಿ 'ಸಂಬಳದ ರಜೆ ಇದೆಯಾ' ಅಂತಿದೆ. 'ಕೇಳಿದರೆ ಕೊಡುತ್ತಾರಾ' ಅಂತಿಲ್ಲ.

ವೇಮಗಲ್ ಬಸ್
ನೂರಕ್ಕೆ ನೂರು. ರಜೆ ಕಾಗದದಲ್ಲಿ ಇರುತ್ತೆ. ಕೇಳಿದರೆ ಮುಂದಿನ ರಿನ್ಯೂವಲ್ ಪಟ್ಟಿಯಲ್ಲಿ ಹೆಸರು ಇರಲ್ಲ.

ಮಂಡಿ ಹಮಾಲಿ ಮಗ
ಕೋಲಾರ ಟೊಮೇಟೊ ಮಂಡಿಯಲ್ಲಿ ನಮ್ಮಪ್ಪ ಬಾಕ್ಸ್ ಲೆಕ್ಕದಲ್ಲಿ ಲೋಡಿಂಗ್ ಮಾಡುತ್ತಾರೆ. ಸೀಸನ್‌ನಲ್ಲಿ ನಿದ್ದೆ ಇಲ್ಲ, ಬೆನ್ನು ನೋವು. ಸೀಸನ್ ಇಲ್ಲದಾಗ ಟೀ ಅಂಗಡಿ ಮುಂದೆ ಕೂತಿರುತ್ತಾರೆ. ವರ್ಷದ ಲೆಕ್ಕ ತೆಗೆದರೆ ಉದ್ಯೋಗಿ. ಆ ಎರಡು ಮೂರು ತಿಂಗಳು ಆ ಲೆಕ್ಕದಲ್ಲಿ ಕಾಣಲ್ಲ.

ಗೂಡಿನ ಸಂತೆ
ಟೊಮೇಟೊ ರೇಟು ಈಗ ಹೇಗಿದೆ ತಮ್ಮ? ನಮ್ಮ ಮಾವ ಎರಡು ಎಕರೆ ಹಾಕಿದ್ದಾರೆ.

ಮಂಡಿ ಹಮಾಲಿ ಮಗ
ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಕ್ಕ. ಫೋನ್ ಮಾಡಿ ವಿಚಾರಿಸಿಕೊಂಡೇ ಗಾಡಿ ಕಳಿಸೋಕೆ ಹೇಳಿ.

ಎರಡು ಚಕ್ರ
ತುಮಕೂರಲ್ಲಿ ಊಟ ಡೆಲಿವರಿ ಮಾಡುತ್ತೇನೆ. ನಾನು 'ಪಾರ್ಟ್ನರ್' ಅಂತೆ. ರೇಟು ನಾನು ಹೇಳಲ್ಲ, ದಾರಿ ನಾನು ಹೇಳಲ್ಲ, ಒಂದು ದಿನ ಐಡಿ ಬ್ಲಾಕ್ ಆದರೆ ಯಾಕೆ ಅಂತಲೂ ಹೇಳಲ್ಲ. ಇದು ಸ್ವಂತ ದುಡಿಮೆಯಾ?

ಲೆಕ್ಕದ ಮೇಷ್ಟ್ರು
ನಮ್ಮ ಪಟ್ಟಿಯಲ್ಲಿ ಸ್ವಂತ ದುಡಿಮೆಗೇ ಹೋಗುತ್ತೀರಿ. 2018ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ನಿಮ್ಮಂಥವರಿಗೆ ಬೇರೆ ಗುಂಪು ಮಾಡಿದ್ದಾರೆ, 'ಅವಲಂಬಿತ ಗುತ್ತಿಗೆದಾರರು' ಅಂತ. ಹೆಸರಿಗೆ ಸ್ವಂತ, ಹಿಡಿತ ಬೇರೆಯವರ ಕೈಯಲ್ಲಿ. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ನಿಮಗೆ ಪಾವತಿಯಾಗುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ನೋಂದಣಿ ಮಾಡಿಸಿಕೊಳ್ಳಿ.

ಅಪ್ರೆಂಟಿಸ್
ನಮ್ಮನ್ನೂ ಸೇರಿಸಿ ಮೇಷ್ಟ್ರೇ. 1961ರ ಕಾಯ್ದೆ ಪ್ರಕಾರ ನಾವು ಕಲಿಯುವವರು, ಕಾರ್ಮಿಕರಲ್ಲ. ಆದರೆ ಲೈನಿನಲ್ಲಿ ಪಕ್ಕದವನು ಮಾಡುವ ಕೆಲಸವನ್ನೇ ಮಾಡುತ್ತೇನೆ.

ಲೆಕ್ಕದ ಮೇಷ್ಟ್ರು
ಭತ್ಯೆ ಸಿಗುವ ಅಪ್ರೆಂಟಿಸ್ ಕೂಡ ಸಮೀಕ್ಷೆಯಲ್ಲಿ ನಿಯಮಿತ ಸಂಬಳದ ಗುಂಪಿಗೇ ಸೇರುತ್ತಾರೆ. ಈ ಗುಂಪು ಹಿಗ್ಗಿತು ಅಂದ ಮಾತ್ರಕ್ಕೆ ಒಳ್ಳೆ ಕೆಲಸ ಜಾಸ್ತಿ ಆಯಿತು ಅಂತ ಹೇಳೋಕೆ ಆಗಲ್ಲ. ಅಸಂಘಟಿತ ವಲಯದ ಬಗ್ಗೆ ಕೇಂದ್ರ ಸರ್ಕಾರ ಮಾಡಿದ್ದ ಅರ್ಜುನ್ ಸೇನ್‌ಗುಪ್ತ ಅವರ ಆಯೋಗ ಇದನ್ನು ಬಹಳ ಹಿಂದೆಯೇ ಹಿಡಿದಿತ್ತು. ಕಂಪನಿ ಸಂಘಟಿತವಾ ಅನ್ನೋದು ಬೇರೆ, ದುಡಿಯುವವನಿಗೆ ಭದ್ರತೆ ಇದೆಯಾ ಅನ್ನೋದು ಬೇರೆ ಅಂತ ಎರಡನ್ನೂ ಬಿಡಿಸಿ ಎಣಿಸಿದರು. 2004-05ರಲ್ಲಿ ದೇಶದ ದುಡಿಯುವವರಲ್ಲಿ ಸುಮಾರು ಶೇ 92 ಜನ ಅನೌಪಚಾರಿಕ, ಅಂದರೆ ಕೆಲಸಕ್ಕೆ ಭದ್ರತೆ ಇಲ್ಲದವರು. ದೊಡ್ಡ ಸಂಸ್ಥೆಗಳ ಒಳಗೇ ಅರ್ಧಕ್ಕೆ ಹತ್ತಿರ ಜನ ಹಾಗಿದ್ದರು. ಅಂತರಗಂಗೆಯವರ ತಮ್ಮನನ್ನು ಸರಿಯಾಗಿ ಗುರುತಿಸುವ ಅಳತೆ ಅದು.

ವಸಂತನರಸಾಪುರ ಶಿಫ್ಟ್
2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಒಂದು ವರ್ಷಕ್ಕೇ ಗ್ರಾಚುಟಿ ಅಂತೆ. ಅಕ್ಕ, ನಿಮ್ಮ ತಮ್ಮನಿಗೆ ಸಿಗುತ್ತೆ.

ಟ್ಯಾಬ್ ಹಿಡಿದವನು
ನಿಧಾನ. ಒಂದು ವರ್ಷಕ್ಕೆ ಗ್ರಾಚುಟಿ ಅನ್ನೋದು ನಿಗದಿತ ಅವಧಿಯ ನೌಕರರಿಗೆ, ಅಂದರೆ ಕಂಪನಿಯೇ ಇಷ್ಟು ಅವಧಿಗೆ ಅಂತ ಬರೆದುಕೊಟ್ಟು ತೆಗೆದುಕೊಂಡವರಿಗೆ. ಏಜೆನ್ಸಿ ಹುಡುಗರು ಗುತ್ತಿಗೆ ಕಾರ್ಮಿಕರು, ಎರಡೂ ಒಂದೇ ಅಲ್ಲ. ನೇಮಕಾತಿ ಪತ್ರ ಕೊಡಲೇಬೇಕು ಅನ್ನೋದು ಮಾತ್ರ ಒಳ್ಳೆಯದಾಗಿದೆ. ಆದರೆ ಗುತ್ತಿಗೆ ಕಾರ್ಮಿಕರ ನಿಯಮ ಮೊದಲು 20 ಜನಕ್ಕೆ ಶುರುವಾಗುತ್ತಿತ್ತು, ಈಗ 50 ಜನಕ್ಕೆ. ಅದನ್ನೂ ನೋಡಬೇಕು. ಅಕ್ಕ, ತಮ್ಮನ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಯಾವ ಸಂಸ್ಥೆಯ ಹೆಸರಲ್ಲಿ ಎಷ್ಟು ತಿಂಗಳು ಕಟ್ಟಿದ್ದಾರೆ ಅನ್ನೋದು ಅದರಲ್ಲಿ ಇರುತ್ತೆ.

ಅಂತರಗಂಗೆ
ನಿನ್ನೆ ರಾತ್ರಿ ಅವನು ಶಿಫ್ಟ್ ಮುಗಿಸಿ ಬಂದ ಮೇಲೆ ಇಬ್ಬರೂ ಕೂತು ನೋಡಿದೆವು. ನಾಲ್ಕು ವರ್ಷಕ್ಕೆ ಮೂರು ಸಂಸ್ಥೆಯ ಹೆಸರು ಇದೆ. ಮೂರೂ ಏಜೆನ್ಸಿಗಳೇ. ಹೋಗಿದ್ದು ಮಾತ್ರ ಒಂದೇ ಗೇಟಿಗೆ, ಒಂದೇ ಲೈನಿಗೆ. ಎರಡನೇ ಏಜೆನ್ಸಿಯ ಕಾಲದಲ್ಲಿ ಐದು ತಿಂಗಳು ಪಿಎಫ್ ಕಟ್ಟೇ ಇಲ್ಲ, ಸಂಬಳದಲ್ಲಿ ಹಿಡಿದಿದ್ದಾರೆ. ಆ ತಿಂಗಳ ಸಂಬಳದ ಚೀಟಿ ಅವನ ಹತ್ತಿರ ಎರಡು ಇವೆ. ಇನ್ನು ಮೂರನ್ನು ಹುಡುಕುತ್ತಿದ್ದೇವೆ.

ಅವನು ಅಂದ, 'ಅಕ್ಕಾ, ನಾನು ನಾಲ್ಕು ವರ್ಷ ಕೆಲಸ ಮಾಡಿದ್ದೀನಿ ಅಂದುಕೊಂಡಿದ್ದೆ. ಕಾಗದದಲ್ಲಿ ಈಗಿನ ಏಜೆನ್ಸಿ ಹೆಸರಲ್ಲಿ ನನಗೆ ಒಂದೂವರೆ ವರ್ಷದ ಸರ್ವಿಸ್ ಅಷ್ಟೇ.' ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ವೇಮಗಲ್ ಬಸ್
ಹಿಡಿದ ದುಡ್ಡು ಕಟ್ಟದೇ ಇರೋದು ಅಪರಾಧ. ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಪಿಎಫ್ ಕಚೇರಿಗೆ ಆನ್‌ಲೈನ್ ದೂರು ಕೊಡಿ. ಏಜೆನ್ಸಿ ಕಟ್ಟದಿದ್ದರೆ ಮುಖ್ಯ ಕಂಪನಿಯ ಮೇಲೂ ಹೊಣೆ ಬರುತ್ತೆ. ಅವನೊಬ್ಬನೇ ಕೊಡೋದು ಬೇಡ, ಜೊತೆಗೆ ಕೆಲಸ ಮಾಡಿದವರನ್ನೂ ಸೇರಿಸಿಕೊಳ್ಳಲಿ.

ಅತಿಥಿ ಉಪನ್ಯಾಸಕಿ
ನಿಮ್ಮ ಮನೆಯ ಉಳಿದವರು ಯಾವ ಲೆಕ್ಕ ಅಂತರಗಂಗೆ?

ಅಂತರಗಂಗೆ
ಅಪ್ಪ ಒಂದು ಎಕರೆ ಟೊಮೇಟೊ, ಎರಡು ಹಸು. ಸ್ವಂತ ದುಡಿಮೆ. ಅಮ್ಮ ಹಾಲು ಕರೆದು ಡೇರಿಗೆ ಹಾಕುತ್ತಾರೆ, ಕಳೆ ಕೀಳುತ್ತಾರೆ. ಮನೆ ಉದ್ದಿಮೆಯ ಸಹಾಯಕಿ. ನಾನು ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ, ನಾನೂ ಸ್ವಂತ ದುಡಿಮೆ. ತಮ್ಮ ನಿಯಮಿತ ಸಂಬಳ. ನಮ್ಮ ಮನೆಯಲ್ಲಿ ನಿರುದ್ಯೋಗ ಸೊನ್ನೆ.

ಟ್ಯಾಬ್ ಹಿಡಿದವನು
ಅಕ್ಕ, ಈಗಿನ ಪದ್ಧತಿಯಲ್ಲಿ ಒಂದು ಮನೆಗೆ ನಾಲ್ಕು ತಿಂಗಳು, ತಿಂಗಳಿಗೊಂದು ಸಲ ಬರುತ್ತಾರೆ. ಮುಂದಿನ ತಿಂಗಳೂ ಬರಬೇಕು. ಬಂದವರ ಹತ್ತಿರ ತಮ್ಮ ಯಾವ ಹೊತ್ತಿಗೆ ಸಿಗುತ್ತಾನೆ ಅಂತ ಮೊದಲೇ ಹೇಳಿ, ಹೊಂದಿಸಿಕೊಳ್ಳುತ್ತಾರೆ. ಅವನೇ ಉತ್ತರ ಕೊಡಲಿ. ಅಮ್ಮ ಹೇಳಿದ ಕಾಗದದ ವಿಷಯವನ್ನೂ ತಿದ್ದಿಸೋಕೆ ಆಗುತ್ತಾ ಅಂತ ಕೇಳಿ ನೋಡಿ.

ಅಂತರಗಂಗೆ
ಮುಂದಿನ ತಿಂಗಳು ಅವನಿಗೆ ಎರಡನೇ ಶಿಫ್ಟ್, ಬೆಳಿಗ್ಗೆ ಹನ್ನೊಂದರವರೆಗೆ ಮನೆಯಲ್ಲೇ ಇರುತ್ತಾನೆ. ಪಾಸ್‌ಬುಕ್ ಪ್ರಿಂಟ್ ತೆಗೆಸಿ ಟಿವಿ ಪಕ್ಕ ಇಟ್ಟಿದ್ದೇನೆ. ಪಿಎಫ್ ದೂರಿಗೆ ಇವತ್ತು ಅವನ ಜೊತೆಯ ಆರು ಹುಡುಗರು ಹೆಸರು ಕೊಟ್ಟಿದ್ದಾರೆ.